ಸಂಜೆಯ ಸ್ನಾನ

ರಘುರಾಮ ಅಂದೂ ಬೇರೆಲ್ಲೋ ಸ್ನಾನ ಮಾಡಿಕೊಂಡೇ ಮನೆಗೆ ಬಂದ.

ತಲೆ ಒದ್ದೆ. ಮೈಯಲ್ಲಿ ವಿಲಾಯಿತಿ ಸೋಪಿನ ವಾಸನೆ. ಮೈಲಾಪುರದ ಆ ಮನೆಯಲ್ಲಿ ಕಡಲೆಹಿಟ್ಟು ಬಿಟ್ಟರೆ ಬೇರೇನೂ ಬಳಸುತ್ತಿರಲಿಲ್ಲ.

"ಎಲ್ಲಿಗೆ ಹೋಗಿದ್ರಿ?" ಹೆಂಡತಿ ತುಂಗಾ ಕೇಳಿದಳು.

"ಮೆಕ್‌ರೇ ಸಾಹೇಬರ ಬಂಗಲೆಗೆ. ಆಟದ ವಿಷಯ."

ಮೆಕ್‌ರೇ ಸ್ಕಾಟ್ಲೆಂಡಿನವನು. ಗ್ಲಾಸ್ಗೋದಲ್ಲಿ ಫುಟ್‌ಬಾಲ್ ಆಡಿ ಹೆಸರು ಮಾಡಿ, ಮೊಣಕಾಲು ಮುರಿದ ಮೇಲೆ ಕೋಚ್ ಆಗಿ ಮದರಾಸಿಗೆ ಬಂದಿದ್ದ. ೧೯೫೮ರ ಆ ಬೇಸಿಗೆಯಿಂದ ರಘುರಾಮನ ಕಂಪನಿ ತಂಡಕ್ಕೆ ಅವನೇ ಮ್ಯಾನೇಜರ್. ಒಂದೆರಡು ಪಂದ್ಯ ನೋಡಿದವನೇ, ಬೂಟು ಹಾಕದವನಿಗೆ ತಂಡದಲ್ಲಿ ಜಾಗವಿಲ್ಲ ಎಂದುಬಿಟ್ಟ.

ಬರಿಗಾಲಲ್ಲಿ ಆಡುತ್ತಿದ್ದ ರಘುರಾಮನ ಆಟ ಅಲ್ಲಿಗೆ ಮುಗಿಯಿತು. ಚರ್ಮದ ಚೆಂಡು ಮುಟ್ಟಿದ್ದಕ್ಕೆ ಹಿತ್ತಲ ಬಾವಿಕಟ್ಟೆಯಲ್ಲಿ ಸ್ನಾನ ಮಾಡಿಸಿ ಒಳಗೆ ಬಿಟ್ಟುಕೊಳ್ಳುತ್ತಿದ್ದ ಅವನ ತಾಯಿ ಅಮ್ಮಣ್ಣಿ, ಬೂಟಿನ ಮಾತಿಗೆ ಸಿಡಿದಿದ್ದರು. "ನನ್ನ ಮಗ ಚರ್ಮ ಮೆಟ್ಟೋನಲ್ಲ!" ಬೀದಿಗೆಲ್ಲ ಕೇಳಿಸಿತ್ತು.

ಆಟ ಮುಗಿದವನಿಗೆ ಆಟದ ವಿಷಯವೇನು? ಬಂಗಲೆಯಲ್ಲಿ ಮೆಕ್‌ರೇಯ ತಂಗಿ ಇದ್ದಳು. ಕೆಂಗೂದಲು, ಬಿಚ್ಚುನಗು. ಹಿಂದೊಮ್ಮೆ ರಘುರಾಮ ಗೋಲು ಹೊಡೆದಾಗ ಅವಳು ಕುಣಿದದ್ದನ್ನು ತುಂಗಾ ಮರೆತಿರಲಿಲ್ಲ.

ಮರುದಿನ ಸಂಜೆ ಅತ್ತೆ ಎಂದಿನಂತೆ ಮಠದ ಪುರಾಣಕ್ಕೆ ಹೊರಟರು. ಕೈಯಲ್ಲಿ ದೀಪದ ಹರಳೆಣ್ಣೆ. ಇತ್ತೀಚೆಗೆ ಅವರೂ ಬಂದೊಡನೆ ಬಾವಿಕಟ್ಟೆಗೇ ಹೋಗುತ್ತಿದ್ದರು. ಬೀದಿಯಲ್ಲಿ ಯಾರು ಯಾರೋ ತಗಲುತ್ತಾರಂತೆ.

"ಅತ್ತೆ, ಇವರು ದಿನಾ ಎಲ್ಲಿ ಸ್ನಾನ ಮಾಡಿ ಬರ್ತಾರೆ?"

"ಗಂಡಸು ಶುದ್ಧವಾಗಿ ಮನೆಗೆ ಬಂದ್ರೆ ಸಾಕು ಕಣೇ. ಎಲ್ಲಿ, ಏನು ಅಂತ ಕೆದಕಬಾರ್ದು."

ಓ, ಅತ್ತೆಗೂ ಗೊತ್ತಿದೆ! ತುಂಗಾ ತವರಿಗೆ ಹೊರಡಲು ಟ್ರಂಕು ತುಂಬಿಟ್ಟಳು. ಒಮ್ಮೆ ಕಣ್ಣಾರೆ ನೋಡಿಬಿಡೋಣವೆಂದು ರಿಕ್ಷಾ ಹತ್ತಿದಳು.

ಬಂಗಲೆಯ ಜಗಲಿಯಲ್ಲಿ ಮೆಕ್‌ರೇ ಕುಂಟುತ್ತ ಎದ್ದು ಅಡ್ಡ ನಿಂತ. "ಬೇಡಿ, ಮೇಡಂ. ಆಕೆಗೆ ಮಾತು ಕೊಟ್ಟಿದ್ದೇನೆ," ಎಂದ ಇಂಗ್ಲಿಷಿನಲ್ಲಿ.

ಆಕೆ!

ಒಳಗಿನಿಂದ ಬಳೆಗಳ ಸದ್ದು. ದೊರೆಸಾನಿ ಬಳೆ ಬೇರೆ ತೊಟ್ಟಿದ್ದಾಳೆ. ಹಿಂದೆಯೇ ಗಂಡನ ದನಿ: "ಮೆಲ್ಲಗೆ... ನೋಯುತ್ತೆ."

ತುಂಗಾ ಮೆಕ್‌ರೇಯ ಪಕ್ಕದಿಂದ ನುಗ್ಗಿ ಬಾಗಿಲು ತಳ್ಳಿದಳು.

ನೆಲದ ಮೇಲೆ ಕುಳಿತು, ರಘುರಾಮನ ಬೊಬ್ಬೆಯೆದ್ದ ಪಾದವನ್ನು ಮಡಿಲಲ್ಲಿಟ್ಟುಕೊಂಡು, ಹರಳೆಣ್ಣೆ ತಿಕ್ಕಿ ಮೆದುಮಾಡಿದ ಬೂಟು ತೊಡಿಸಿ, ಅದರ ಲೇಸನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯುತ್ತಿದ್ದವರು ಅತ್ತೆ.