ಅಕ್ಷರದ ಮೇಲೆ ಕಾಲು

ಯಾವುದೋ ದೂರದೇಶದವರು ಮಾಡಿದ ಕಂಪ್ಯೂಟರ್ ಆಟಗಳಲ್ಲಿದ್ದಂತೆ ಈಗ ಊರಲ್ಲೂ ಎಲ್ಲ ಆಯ್ಕೆಗಳು ನೆಲದ ಮೇಲೆ ಮೂಡುತ್ತಿದ್ದವು. ಪದವನ್ನು ತುಳಿದರೆ ಒಪ್ಪಿಗೆ. ಮತ್ತೊಮ್ಮೆ ಮುಟ್ಟಿದರೆ ರದ್ದು.

ನಿವೃತ್ತ ಕನ್ನಡ ಶಿಕ್ಷಕಿ ನೀಲಾಂಬಿಕೆ ಹುಬ್ಬಳ್ಳಿಯ ಆಟದಂಗಡಿಯಲ್ಲಿ ನಿಂತಿದ್ದರು. ತೀರಿಹೋದ ಗಂಡನ ರೂಪ, ದನಿ ಉಳಿದಿದ್ದುದು ಇಬ್ಬರೂ ಆಡುತ್ತಿದ್ದ ಆಟವೊಂದರೊಳಗೆ ಮಾತ್ರ. ಆ ಆಟ ಇಂದು ಶಾಶ್ವತವಾಗಿ ಮುಚ್ಚುತ್ತಿತ್ತು; ಗಡುವಿನೊಳಗೆ ಉಳಿಸಿಕೊಳ್ಳದಿದ್ದರೆ ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತಿತ್ತು. ಪರದೆಯಲ್ಲಿ ಗಂಡ ಬದನೆ ಗಿಡಕ್ಕೆ ನೀರು ಹಾಕುತ್ತಿದ್ದರು. ನೀಲಾಂಬಿಕೆಯ ಕಾಲ ಮುಂದೆ ‘ಉಳಿಸಿ’ ಎಂಬ ಪದ ಮಿನುಗುತ್ತಿತ್ತು.

“ತುಳಿ ಅಕ್ಕಾ, ಹೊತ್ತು ಮುಗಿಯಾಕ ಬಂತು,” ಎಂದಳು ತಂಗಿ ಕಸ್ತೂರಿ.

“ಅಕ್ಷರ ತುಳದ್ರ ಹುಡುಗರ ಕಿವಿ ಹಿಂಡ್ತಿದ್ದಾಕಿ ನಾನು.”

“ಈಗ ನಿನ್ನ ಕಿವಿ ನಾ ಹಿಂಡ್ತೀನಿ ನೋಡು. ಭಾವಾರು ಹೋಗಿಬಿಡ್ತಾರ, ತುಳಿ!”

ನೀಲಾಂಬಿಕೆ ಕಣ್ಣು ಮುಚ್ಚಿ ತುಳಿದರು. ಪದ ಹಸಿರಾಯಿತು. ಕಸ್ತೂರಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ನೀಲಾಂಬಿಕೆ ಕಾಲು ಹಿಂದೆಗೆದು, ಬಗ್ಗಿ, ತಪ್ಪಾಯಿತೆಂದು ಆ ಅಕ್ಷರಗಳನ್ನು ಬೆರಳಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಬುದ್ಧಿ ಬಂದಾಗಿನಿಂದ ಕೈಗೆ ಅಂಟಿದ ಅಭ್ಯಾಸ.

“ಅಕ್ಕಾ!” ಎಂದು ಕಸ್ತೂರಿ ಕೂಗುವಷ್ಟರಲ್ಲಿ ಪದದ ಹಸಿರು ಆರಿ, ಗಡುವೂ ಮುಗಿದಿತ್ತು. ನೀಲಾಂಬಿಕೆ ಕೈ ತೆಗೆದು ನೋಡಿದಾಗ ಪರದೆಯಲ್ಲಿ ಬದನೆ ಗಿಡವೂ ಇರಲಿಲ್ಲ, ನೀರು ಹಾಕುತ್ತಿದ್ದವರೂ ಇರಲಿಲ್ಲ.