ಏಳುನೂರ ನಲವತ್ತು ಗ್ರಾಂ

"ಇದನ್ನ ಸಾಕಿದೋನು ಯಾವನೇ ಇರ್ಲಿ, ಅವನ ಕೈಗೆ ಇನ್ನೊಂದು ಇಲಿಮರೀನೂ ಕೊಡಬಾರದು," ಎಂದ ತೀರ್ಪುಗಾರ ಹಾರ್ಮೆನ್. ತಕ್ಕಡಿಯ ಮುಳ್ಳು ಏಳುನೂರ ನಲವತ್ತು ಗ್ರಾಂ ತೋರಿಸುತ್ತಿತ್ತು. ಕುಳ್ಳ ಮೊಲವಾದರೂ ಆರು ತಿಂಗಳಿಗೆ ಕಿಲೋ ಹತ್ತಿರವಾದರೂ ಬರಬೇಕು.

ಫ್ರೀಸ್‌ಲ್ಯಾಂಡಿನ ಆ ಹಳ್ಳಿಯಲ್ಲಿ ಜನವರಿಯ ಮೊಲ ಪ್ರದರ್ಶನ. ಹೊರಗೆ ಕಾಲುವೆ ಹೆಪ್ಪುಗಟ್ಟಿತ್ತು. ಒಳಗೆ ಇನ್ನೂರು ಮೊಲ, ನೂರು ಜನ, ಬಟಾಣಿ ಸಾರಿನ ವಾಸನೆ. ತೀರ್ಪುಗಾರನ ಮೇಜಿಗೆ ಮೊಲ ಬರುತ್ತದೆ, ಮಾಲೀಕನ ಹೆಸರು ಬರುವುದಿಲ್ಲ. ಅವನು ಹೇಳಿದ್ದನ್ನು ಪಕ್ಕದಲ್ಲಿ ಕುಳಿತವರು ಚೀಟಿಯಲ್ಲಿ ಬರೆಯುತ್ತಾರೆ. ಅವನು ಸಹಿ ಹಾಕಿದ ಮೇಲೆ ಒಂದಕ್ಷರ ತಿದ್ದುವಂತಿಲ್ಲ.

ಹಾರ್ಮೆನ್‌ನ ಸಿಟ್ಟು ಸುಳ್ಳಲ್ಲ. ಹೋದ ವರ್ಷ ಮೊಲ ಸಾಕುವವರ ಸಂಘದ ಸಭೆಯಲ್ಲಿ ಮೇಜು ಗುದ್ದಿ ಒಂದು ಕಾನೂನು ತಂದವನೇ ಅವನು. ಮೊಲವನ್ನು ಹಾಳುಗೆಡವಿದವನ ಹೆಸರನ್ನು ತುಂಬಿದ ಸಭೆಯಲ್ಲಿ ಓದಬೇಕು, ಅವನನ್ನು ಸಂಘದಿಂದ ಕಿತ್ತೊಗೆಯಬೇಕು, ಅವನ ಮೊಲಗಳನ್ನೆಲ್ಲ ನೋಡಿಕೊಳ್ಳುವವರಿಗೆ ಹಂಚಬೇಕು. ಈ ಚಳಿಗಾಲದಲ್ಲಿ ಹನ್ನೊಂದು ಊರು ಸುತ್ತಿ ಹನ್ನೊಂದು ಪ್ರದರ್ಶನಗಳಲ್ಲಿ ತೀರ್ಪು ಕೊಟ್ಟಿದ್ದ. ಒಂದು ಶನಿವಾರವೂ ಮನೆಯಲ್ಲಿ ಕೂತವನಲ್ಲ. ಆದರೂ ಆ ಕಾನೂನು ಇನ್ನೂ ಯಾರ ಮೇಲೂ ಬಿದ್ದಿರಲಿಲ್ಲ.

ಬೆಳಿಗ್ಗೆ ಅಲ್ಲೇ ಸಾರು ಬಡಿಸುತ್ತಿದ್ದ ಅವನ ಹೆಂಡತಿ ಆಲ್ಚೆ ಅದನ್ನೇ ಕೇಳಿದ್ದಳು. ಸೊಂಟದ ಮೂಳೆ ಮುರಿದು, ಸೆಪ್ಟೆಂಬರಿನಿಂದ ಆಸ್ಪತ್ರೆಯಲ್ಲೂ ಆಮೇಲೆ ತಂಗಿಯ ಮನೆಯಲ್ಲೂ ಇದ್ದು, ಹೊಸವರ್ಷಕ್ಕೆ ಊರುಗೋಲು ಹಿಡಿದು ಮರಳಿದ್ದಳು.

"ನಿಮ್ಮ ಕಾನೂನು ಎಲ್ಲರಿಗೂ ಒಂದೇ ಅಲ್ವೇನ್ರೀ?"

"ನನ್ನಪ್ಪನೇ ಎದ್ದು ಬಂದ್ರೂ ಅಷ್ಟೇ ಕಣೆ."

"ಹಂಗಾದ್ರೆ ಸರಿ," ಎಂದು ಅವಳು ಅವನ ಬಟ್ಟಲಿಗೆ ಇನ್ನೊಂದು ಸೌಟು ಸುರಿದಿದ್ದಳು.

ಈಗ ಹಾರ್ಮೆನ್ ಮೊಲವನ್ನು ಅಂಗಾತ ಹಿಡಿದ. ನೀಲಿಬೂದು ಬಣ್ಣದ ಗಂಡು. ಹಿಂಗಾಲಿನ ಅಡಿಯಲ್ಲಿ ಕೂದಲಿಲ್ಲ, ಬರೀ ಕೆಂಪು ತೊಗಲು. ಒದ್ದೆ ಹಾಸಿನ ಮೇಲೆ ತಿಂಗಳುಗಟ್ಟಲೆ ಕೂತರೆ ಮಾತ್ರ ಹಾಗಾಗುತ್ತದೆ. ಉಗುರನ್ನು ಈಚೆಗೆ ಕತ್ತರಿಸಿದ್ದರು, ಆದರೆ ಬೆರಳುಗಳು ಆಗಲೇ ಸೊಟ್ಟಗಾಗಿದ್ದವು.

"ಮುಲಾಮಿನ ವಾಸನೆ," ಎಂದ. "ಚಳಿಗಾಲ ಪೂರ್ತಿ ಕೊಳೆಯೋಕೆ ಬಿಟ್ಟು, ಮೇಜಿಗೆ ತರೋ ಮುಂಚೆ ಮುಲಾಮು ಮೆತ್ತಿದಾರೆ. ಬರಿ ರೆನ್ಸ್ಕೆ, ಒಂದೂ ಬಿಡದೆ ಬರಿ."

ಚೀಟಿ ಬರೆಯುತ್ತಿದ್ದ ರೆನ್ಸ್ಕೆ ತಲೆ ಎತ್ತಲಿಲ್ಲ.

ಕಿವಿ ಅಳೆದ. ಐದೂವರೆ ಸೆಂಟಿಮೀಟರ್, ಕೂದಲೆಳೆಯಷ್ಟೂ ಹೆಚ್ಚಿಲ್ಲ. ತಲೆ ಸೇಬಿನಂತೆ ದುಂಡಗೆ. ಇಂಥ ತಲೆ ತಾನು ಬೆಳೆಸಿದ ತಳಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲವೆಂದು ಅವನಿಗೆ ಗೊತ್ತಿತ್ತು. ಆ ತಳಿಯ ಒಂದು ಗಂಡನ್ನು ಎರಡು ವರ್ಷದ ಹಿಂದೆ ಕೊಂಡಿದ್ದವನು ಪಕ್ಕದ ಮನೆಯ ವೀಬೆ ಒಬ್ಬನೇ. ಕಿವಿಯೊಳಗಿನ ಹಚ್ಚೆಯಲ್ಲಿ ಇದೇ ಊರಿನ ಸಂಘದ ಅಕ್ಷರಗಳಿದ್ದವು. ಅವುಗಳ ಮುಂದಿದ್ದ ಸಂಖ್ಯೆ ಯಾರದೆಂದು ತಿಳಿಯಲು ರೆನ್ಸ್ಕೆಯ ದಾಖಲೆ ಪುಸ್ತಕ ನೋಡಬೇಕು. ಹಾರ್ಮೆನ್‌ಗೆ ಪುಸ್ತಕ ಬೇಕಿರಲಿಲ್ಲ. ಅವನು ನೇರ ಎದುರು ನಿಂತಿದ್ದ ವೀಬೆಯನ್ನು ನೋಡಿದ.

ವೀಬೆಯ ಮುಖ ಕೆಂಪಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಈ ಬಡಪಾಯಿಗೆ ಒಂದು ಹಿಡಿ ಒಣಹುಲ್ಲಿಗೂ ಗತಿ ಇರ್ಲಿಲ್ವೇನೋ?"

"ಕೈಗೆ ಎಟುಕಿದಷ್ಟು ಹಾಕಿದೀನಿ, ಹಾರ್ಮೆನ್," ಎಂದ ವೀಬೆ. "ನನ್ನಿಂದಾಗಿದ್ದು ಅಷ್ಟೇ."

ಸುತ್ತ ನಿಂತವರು ಗುಸುಗುಸು ಅಂದರು. ಒಪ್ಪಿಕೊಂಡಂತೆಯೇ ಆಯಿತಲ್ಲ.

"ನಾಚಿಕೆ ಆಗಬೇಕು ನಿಂಗೆ. ತಿನ್ನೋಕೆ ಕೇಳೋ ಬಾಯಿಲ್ಲ ಅದಕ್ಕೆ, ಅದಕ್ಕೇ ಮರೆತುಬಿಟ್ಟೆ."

"ಅದು ನಿಜ," ಎಂದ ವೀಬೆ. "ಮರೆತೇಬಿಟ್ರು."

ಕುಳ್ಳ ತಳಿಗೆ ಹೊಸ ಕೈ ಎಂದರೆ ಆಗದು. ಆ ಬೆಳಿಗ್ಗೆ ಎರಡು ಮೊಲಗಳು ಹಾರ್ಮೆನ್‌ನ ಮಣಿಕಟ್ಟು ಪರಚಿದ್ದವು, ಒಂದು ಮೇಜಿನಿಂದಲೇ ಜಿಗಿದಿತ್ತು. ಇದು ಮಾತ್ರ ನಡುಗಲಿಲ್ಲ. ಅವನ ಅಂಗಿಯ ತೋಳಿನೊಳಗೆ ಮೂತಿ ತೂರಿಸಿ ಸುಮ್ಮನೆ ಕೂತಿತು. ಅದನ್ನು ನೋಡಿ ಅವನ ಸಿಟ್ಟು ಇನ್ನೂ ಏರಿತು.

"ಗುಣ ಬಂಗಾರ ಅಂತ ಬರಿ," ಎಂದ. "ಕೆಳಗೆ, ಮಾಲೀಕ ಅಯೋಗ್ಯ ಅಂತ ಬರಿ. ಸಂಘದಿಂದ ಹೊರಕ್ಕೆ, ಬದುಕಿರೋವರೆಗೆ. ಅವನ ಗೂಡುಗಳು ಇವತ್ತು ಸಂಜೆಯೊಳಗೆ ಖಾಲಿಯಾಗಬೇಕು."

"ಒಂದ್ಸಲ ಯೋಚನೆ ಮಾಡಿ ಸಾರ್," ಎಂದಳು ರೆನ್ಸ್ಕೆ. ಅವಳ ದನಿ ಸಣ್ಣಗಾಗಿತ್ತು.

"ಮಾಡಿದೀನಿ. ಕೊಡಿಲ್ಲಿ." ಚೀಟಿ ಹರಿಯುವಷ್ಟು ಒತ್ತಿ ಸಹಿ ಹಾಕಿದ. "ಈಗ ಹೆಸರು ಓದು. ಕೊನೇ ಸಾಲಿಗೂ ಕೇಳಿಸ್ಬೇಕು."

ರೆನ್ಸ್ಕೆ ದಾಖಲೆ ಪುಸ್ತಕ ತೆರೆದಳು. ಸಂಖ್ಯೆಯ ಮೇಲೆ ಬೆರಳಿಟ್ಟಳು. ಸಾರಿನ ಮೇಜಿನ ಕಡೆ ನೋಡಿದಳು.

ಊರುಗೋಲಿನ ಸದ್ದು ಹತ್ತಿರ ಬಂತು. ಆಲ್ಚೆ ಮೇಜಿನ ಬಳಿ ನಿಂತು, ಮೊಲವನ್ನು ಎತ್ತಿ ಎದೆಗೊತ್ತಿಕೊಂಡಳು. ಅವಳ ಬೆರಳುಗಳಲ್ಲಿ ಅದೇ ಮುಲಾಮಿನ ವಾಸನೆಯಿತ್ತು.

"ಓದಮ್ಮ," ಎಂದಳು. "ಅವರಪ್ಪನೇ ಎದ್ದು ಬಂದ್ರೂ ಅಷ್ಟೇ ಅಂದಿದಾರೆ."

ರೆನ್ಸ್ಕೆ ಓದಿದಳು: "ಗಂಡು, ನೀಲಿ, ಜುಲೈಯಲ್ಲಿ ಹುಟ್ಟಿದ್ದು. ಮಾಲೀಕರು, ಹಾರ್ಮೆನ್ ಹೊಯ್ತಿಂಗಾ."