ಬಿಚ್ಚದ ತಿರುವು

ಈಗಲೇ ಹೇಳಿಬಿಟ್ಟರೆ ಎಂದು ನಾರುಸೆ ಯೋಚಿಸಿದ. ಜಪಾನಿನ ಹಮಾಮತ್ಸು ನಗರದ ಪ್ರದರ್ಶನ ಮುಗಿದಿತ್ತು. ಮಾದರಿ ಕಟ್ಟುವವರ ಕ್ಲಬ್ಬಿನ ಪದ್ಧತಿಯಂತೆ ಎಲ್ಲರೂ ಸೇರಿ ಆಟಿಕೆ ಇಟ್ಟಿಗೆಗಳ ರೋಲರ್ ಕೋಸ್ಟರನ್ನು ಬಿಚ್ಚುತ್ತಿದ್ದರು. ಕುರಾತಾ ಮೇಷ್ಟ್ರ ನಡುಗುವ ಕೈ ಒಂದೊಂದೇ ಕಂಬ ಕಳಚುತ್ತ ಮೇಲಿನ ತಿರುವಿನತ್ತ ಬರುವುದನ್ನು ನೋಡಿ, ಅವರಿಂದಲೇ ಈ ಕೆಲಸ ಕಲಿತ ನಾರುಸೆ ತನ್ನ ಕೆಲಸ ಬಿಟ್ಟು ನಿಂತ.

ಆ ತಿರುವನ್ನು ಕಟ್ಟಿದ್ದು ಮೇಷ್ಟ್ರೇ. ಅವರ ಬೆರಳಿಗೆ ಈಗ ಒತ್ತುವ ಬಲವಿಲ್ಲ. ಬೆಳಿಗ್ಗೆ ನಾರುಸೆ ಒಬ್ಬನೇ ಬಂಡಿ ಓಡಿಸಿ ನೋಡಿದಾಗ ಅಲ್ಲೇ ಹಳಿ ಕಳಚಿ ಬಂಡಿ ಕೆಳಗೆ ಬಿದ್ದಿತ್ತು. ಯಾರೂ ಬರುವ ಮೊದಲು ಅವನು ಆ ತಿರುವನ್ನು ಅಂಟು ಹಾಕಿ ಕೂಡಿಸಿದ್ದ. ಅಂಟು ಹಾಕಿದವನಿಗೆ ಕ್ಲಬ್ಬಿನಲ್ಲಿ ಜಾಗವಿಲ್ಲ ಎಂಬ ನಿಯಮ ಮಾಡಿದ್ದೂ ಮೇಷ್ಟ್ರೇ.

"ಏನೋ, ಹೆಣ ಕಂಡವನ ಹಾಗೆ ನಿಂತಿದ್ದೀಯ? ದಿನವಿಡೀ ಬಂಡಿ ಒಂದು ಸಲಾನೂ ಬೀಳಲಿಲ್ಲ, ನೋಡಿದ್ಯಾ?" ಎಂದು ನಗುತ್ತ ಮೇಷ್ಟ್ರು ತಿರುವನ್ನು ಕಂಬದಿಂದ ಎತ್ತಿಕೊಂಡು ಅದರ ಇಟ್ಟಿಗೆಗಳನ್ನು ಎಳೆದರು. ಬರಲಿಲ್ಲ. ಸಂದಿಗೆ ಉಗುರು ತೂರಿಸಿ ಮತ್ತೆ ಎಳೆದರು. ನಾರುಸೆ ಅವರ ಉಗುರನ್ನೇ ನೋಡುತ್ತಿದ್ದ. ಇನ್ನೇನು, ಅವರಿಗೆ ಗೊತ್ತಾಗುತ್ತದೆ.

ಮೇಷ್ಟ್ರು ನೋಡಿದ್ದು ಇಟ್ಟಿಗೆಯನ್ನಲ್ಲ, ತಮ್ಮ ಬೆರಳುಗಳನ್ನು. "ನಾನೇ ಕೂಡಿಸಿದ್ದು, ನನಗೇ ಬಿಚ್ಚೋಕಾಗ್ತಿಲ್ಲ ಕಣೋ," ಎಂದರು. "ಸಾಕು. ಮುಂದಿನ ವರ್ಷ ಇದನ್ನ ನೀನೇ ಕಟ್ಟು. ನಾನು ಬರಲ್ಲ." ಬಿಚ್ಚದ ತಿರುವನ್ನು ನಾರುಸೆಯ ಅಂಗೈಯಲ್ಲಿಟ್ಟು ಕೋಟು ಹಾಕಿಕೊಳ್ಳತೊಡಗಿದರು. ಗುಂಡಿಗಳನ್ನು ಹಾಕಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಒಂದು ಮಾತು ಹೇಳಲು ಅಷ್ಟು ಹೊತ್ತು ಸಾಕಿತ್ತು. ಅದಕ್ಕೆ ಅಂಟು ಹಾಕಿದ್ದೇನೆ ಎಂದು ನಾರುಸೆ ಹೇಳಲಿಲ್ಲ.